ಕೊಯ್ಯುವ ವಿದ್ಯೆ, ಕೂಡಿಸುವ ವಿದ್ಯೆ

ನಮ್ಮ ಭಾಷೆಯಲ್ಲಿ ಮನುಷ್ಯನ ಮಾನವೆಲ್ಲ ಮುಖದ ಮೇಲೆಯೇ ಕುಳಿತಿದೆ. ಅವಮಾನವಾದರೆ ಅದು ಮುಖಭಂಗ. ನಾಚಿಕೆಯಾದರೆ ನಾಲ್ಕು ಜನರಿಗೆ ಮುಖ ತೋರಿಸುವಂತಿಲ್ಲ. ತಪ್ಪು ಮಾಡಿದವನಿಗೆ ‘ಯಾವ ಮುಖ ಹೊತ್ತುಕೊಂಡು ಬಂದೆ?’ ಎಂಬ ಪ್ರಶ್ನೆ ಕಾದಿರುತ್ತದೆ. ಮುಖದಲ್ಲಿಯೂ ಮೂಗಿಗೇ ಅಗ್ರಪೂಜೆ. ಶೂರ್ಪನಖಿಯ ಕಥೆಯನ್ನು ಕೇಳುತ್ತ ಬೆಳೆದ ನಾಡಿಗೆ ಮೂಗು ಕಳೆದುಕೊಳ್ಳುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಣವನ್ನು ಉಳಿಸಿ ಮಾನವನ್ನು ಮಾತ್ರ ತೆಗೆಯುವ ಶಿಕ್ಷೆ ಅದು. ರೋಗವೂ ಕೆಲವೊಮ್ಮೆ ಅದೇ ಶಿಕ್ಷೆಯನ್ನು ವಿಧಿಸುತ್ತದೆ. ರೋಗವನ್ನು ಗೆಲ್ಲಲು ವೈದ್ಯನೂ ಅದನ್ನೇ ಮಾಡಬೇಕಾಗಿ ಬರುತ್ತದೆ.

ಈ ಮಾತು ನನ್ನ ಮನಸ್ಸಿಗೆ ತಟ್ಟಿದುದು ಕೆಲವು ವರ್ಷಗಳ ಹಿಂದೆ, ನನ್ನ ಸೋದರಮಾವನವರಿಗೆ ಬಾಯಿಯ ಕ್ಯಾನ್ಸರ್ ಆದಾಗ. ಮಲೆನಾಡಿನ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ನಲವತ್ತು ವರ್ಷಗಳ ಒಡನಾಡಿಗಳು. ಒಳಗೆನ್ನೆಯ ಹುಣ್ಣು ಮಾಯದೆ ಹೋದಾಗ ವೈದ್ಯರು ಕೆನ್ನೆಯ ಭಾಗವನ್ನೇ ತೆಗೆಯಬೇಕೆಂದರು. ಮಾವ ಒಪ್ಪಲಿಲ್ಲ. “ಏನಪ್ಪಾ, ಮೇಷ್ಟ್ರಾದ ನೀನೇ ಹೇಳು, ಕೆನ್ನೆಯಲ್ಲಿ ತೂತು ಇಟ್ಟುಕೊಂಡು ಮಂಡಿಯ ಗದ್ದುಗೆಯ ಮೇಲೆ ಹೇಗೆ ಕೂರಲಿ? ಇದ್ದಷ್ಟು ದಿನ ಇರುತ್ತೇನೆ, ಬಿಡು” ಎಂದುಬಿಟ್ಟರು. ಸಾವಿಗೆ ಹೆದರದವರು ಮುಖಕ್ಕೆ ಹೆದರಿದರು. ಆಮೇಲೆ ಇನ್ನೊಬ್ಬ ವೈದ್ಯರು ಬಂದು, ಮಾವನ ಎದೆಯ ಮೇಲೆ ಶಾಯಿಯಿಂದ ಒಂದು ವೀಳ್ಯದೆಲೆಯಷ್ಟು ಅಗಲದ ಗುರುತು ಬರೆದು, “ಇಲ್ಲಿಯ ಚರ್ಮವನ್ನು ಅಲ್ಲಿಗೆ ತರುತ್ತೇವೆ, ತೂತು ಇರುವುದಿಲ್ಲ” ಎಂದು ವಿವರಿಸಿದರು. ಮಾವ ಬಹಳ ಹೊತ್ತು ಆ ಗುರುತನ್ನೇ ನೋಡಿಕೊಂಡರು. ಮರುದಿನ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದರು.

ಎದೆಯ ಚರ್ಮ ಕೆನ್ನೆಗೆ ಬಂದು ಬದುಕುವುದು ಹೇಗೆ? ಈ ವಿದ್ಯೆಯನ್ನು ಮೊದಲು ಕಂಡುಕೊಂಡವರು ಯಾರು? ಕನ್ನಡದ ಮೇಷ್ಟರಿಗೆ ವೈದ್ಯಶಾಸ್ತ್ರ ಪರವಿಷಯವೇ ಸರಿ. ಆದರೆ ಹುಡುಕುತ್ತ ಹೋದಂತೆ ದಾರಿ ನಮ್ಮ ಶ್ರೀರಂಗಪಟ್ಟಣದ ಕೋಟೆಯ ಬಳಿಗೂ ಬಂದು ಮುಂದಕ್ಕೆ ಹೋದುದನ್ನು ಕಂಡೆ. ಆ ದಾರಿಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಸುಶ್ರುತ ಸಂಹಿತೆ. ಅದರ ಸೂತ್ರಸ್ಥಾನದ ೧೬ನೆಯ ಅಧ್ಯಾಯದಲ್ಲಿ ಹರಿದ ಕಿವಿಗಳನ್ನು ಕೂಡಿಸುವ ಹದಿನೈದು ಬಗೆಗಳಿವೆ. ಕೊನೆಯಲ್ಲಿ ಕತ್ತರಿಸಿಹೋದ ಮೂಗನ್ನು ಕಟ್ಟುವ ವಿಧಾನವೂ ಇದೆ. ಮೂಗಿನ ಅಳತೆಗೆ ಸರಿಯಾದ ಮರದ ಎಲೆಯೊಂದನ್ನು ತರಬೇಕು. ಅದೇ ಅಳತೆಯ ಚರ್ಮವನ್ನು ಕೆನ್ನೆಯ ಪಕ್ಕದಿಂದ ಎತ್ತಬೇಕು. ಮೂಗಿನ ಮೊಂಡು ತುದಿಯನ್ನು ಕೆರೆದು ಹಸಿಮಾಡಿ ಅದರ ಮೇಲೆ ಕೂಡಿಸಬೇಕು. ಉಸಿರಾಟಕ್ಕೆ ಎರಡು ನಳಿಗೆಗಳನ್ನು ಇಡಬೇಕು. ಪತಂಗ, ಜ್ಯೇಷ್ಠಮಧು, ಅಂಜನಗಳ ಪುಡಿಯನ್ನು ಉದುರಿಸಿ ಬಿಳಿಯ ಹತ್ತಿಯಿಂದ ಮುಚ್ಚಿ ಎಳ್ಳೆಣ್ಣೆಯಲ್ಲಿ ನೆನೆಸುತ್ತಿರಬೇಕು. ಬರೆದವನು ಕಣ್ಣಾರೆ ಕಂಡು, ಕೈಯಾರೆ ಮಾಡಿ ಬರೆದಂತಿದೆ.

ಅದೇ ಗ್ರಂಥದ ಚಿಕಿತ್ಸಾಸ್ಥಾನದ ೧೮ನೆಯ ಅಧ್ಯಾಯದಲ್ಲಿ ಅರ್ಬುದದ ಚಿಕಿತ್ಸೆಯಿದೆ. ಇಂದು ನಾವು ಕ್ಯಾನ್ಸರಿಗೆ ‘ಅರ್ಬುದ ರೋಗ’ ಎಂಬ ಹೆಸರನ್ನು ಬಳಸುತ್ತೇವೆ; ಸುಶ್ರುತನ ಅರ್ಬುದವೆಲ್ಲ ಇಂದಿನ ಕ್ಯಾನ್ಸರೇ ಎಂದಲ್ಲ. ಆದರೆ ಆತನ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ: ಅರ್ಬುದವನ್ನು ಸ್ವಲ್ಪವೂ ಉಳಿಸದೆ ತೆಗೆಯಬೇಕು, ಉಳಿದರೆ ಅದು ಬೇಗನೆ ಮತ್ತೆ ಬೆಳೆದು, ನಂದದೆ ಉಳಿದ ಬೆಂಕಿಯಂತೆ ಕೊಲ್ಲುತ್ತದೆ.

ಒಂದೇ ಗ್ರಂಥದಲ್ಲಿ ಎರಡು ವಿದ್ಯೆಗಳು: ಉಳಿಸದಂತೆ ಕೊಯ್ಯುವುದು, ಕಳೆದುದನ್ನು ಮತ್ತೆ ಕಟ್ಟುವುದು. ಆದರೆ ಅರ್ಬುದವನ್ನು ಕೊಯ್ದ ಜಾಗವನ್ನು ಬೇರೆಡೆಯ ಚರ್ಮದಿಂದ ತುಂಬಬಹುದೆಂಬ ಮಾತು ಆ ಅಧ್ಯಾಯದಲ್ಲಿ ಬರುವುದಿಲ್ಲ. ಒಂದೇ ಮನೆಯ ಎರಡು ಕೋಣೆಗಳಲ್ಲಿದ್ದ ಈ ವಿದ್ಯೆಗಳು ನಡುಬಾಗಿಲನ್ನು ತೆರೆದುಕೊಂಡು ಕೈಹಿಡಿಯಲು ಬಹುಕಾಲ ಬೇಕಾಯಿತು.

ಮುಂದಕ್ಕೆ ಹೋಗುವ ಮೊದಲು ಒಂದು ಭೇದವನ್ನು ತಿಳಿದುಕೊಳ್ಳಬೇಕು. ನಮ್ಮ ತೋಟಗಾರರಿಗೆ ಅದು ಹೊಸದಲ್ಲ. ಮಾವಿನ ಕಸಿ ಮಾಡುವ ಹಳೆಯ ಕ್ರಮದಲ್ಲಿ ವಾಟೆಯಿಂದ ಹುಟ್ಟಿದ ಸಸಿಯನ್ನು ಕುಂಡದ ಸಮೇತ ಒಳ್ಳೆಯ ಜಾತಿಯ ಮರದ ಬಳಿಗೆ ಒಯ್ಯುತ್ತಾರೆ. ಸಸಿಯ ಕಾಂಡವನ್ನೂ ಮರದ ಕೊಂಬೆಯನ್ನೂ ಒಂದೊಂದು ಕಡೆ ಹೆರೆದು ಸೇರಿಸಿ ಕಟ್ಟುತ್ತಾರೆ. ಎರಡೂ ಬೆಸೆಯುವವರೆಗೆ ಕೊಂಬೆ ತಾಯಿಮರದ ಹಾಲನ್ನೇ ಕುಡಿಯುತ್ತಿರುತ್ತದೆ. ಬೆಸೆದ ಮೇಲೆ ಅದನ್ನು ತಾಯಿಯಿಂದ ಬಿಡಿಸುತ್ತಾರೆ. ಕಡ್ಡಿಯನ್ನು ಪೂರ್ತಿಯಾಗಿ ಕತ್ತರಿಸಿ ತಂದು ಸಸಿಗೆ ಸೇರಿಸುವುದು ಇನ್ನೊಂದು ಕ್ರಮ. ಚರ್ಮದ ವಿಷಯದಲ್ಲಿಯೂ ಹೀಗೆಯೇ. ಪೂರ್ತಿಯಾಗಿ ಬಿಡಿಸಿ ತಂದು ಹಚ್ಚಿದುದು ಬಿಡಿ ಚರ್ಮದ ಕಸಿ. ಒಂದು ಅಂಚಿನಲ್ಲಿ ತೊಟ್ಟನ್ನು ಉಳಿಸಿಕೊಂಡು, ಆ ತೊಟ್ಟಿನ ಮೂಲಕ ರಕ್ತ ಹರಿಯುತ್ತಿರುವಾಗಲೇ ತಿರುಗಿಸಿ ತಂದುದು ತೊಟ್ಟಿನ ಚರ್ಮ. ವೈದ್ಯರ ಮಾತಿನಲ್ಲಿ ಫ್ಲ್ಯಾಪ್. ಇಡೀ ಚರಿತ್ರೆ ಈ ತೊಟ್ಟಿನ ಚರಿತ್ರೆಯೆಂದರೂ ತಪ್ಪಲ್ಲ.

ಹದಿನೇಳನೆಯ ಶತಮಾನದ ದಕ್ಷಿಣ ದೇಶದಲ್ಲಿ ಮೂಗುಗಳಿಗೆ ಕೆಟ್ಟ ಕಾಲ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೈನ್ಯಕ್ಕೂ ಮಧುರೆಯ ತಿರುಮಲ ನಾಯಕನ ಸೈನ್ಯಕ್ಕೂ ನಡೆದ ಯುದ್ಧ ‘ಮೂಗುಗಳ ಬೇಟೆ’ ಎಂದೇ ಚರಿತ್ರೆಯಲ್ಲಿ ಹೆಸರಾಗಿದೆ. ಎರಡು ಕಡೆಯವರೂ ಸೆರೆಸಿಕ್ಕವರ ಮೂಗುಗಳನ್ನು ಕೊಯ್ದರು. ವೆನಿಸ್ ನಗರದ ಮನುಚ್ಚಿ ಎಂಬ ಪ್ರವಾಸಿ ವಿಜಾಪುರದ ೧೬೮೬ರ ಕಾಳಗಗಳನ್ನು ಹೇಳುವಾಗ, ಅಲ್ಲಿಯ ದೇಶೀ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮವನ್ನು ಕೊಯ್ದು ಕೆಳಕ್ಕೆ ಬೀಳಿಸಿ, ಒಂದು ತಿರುವು ಕೊಟ್ಟು ಮೂಗಿನ ಗಾಯದ ಮೇಲೆ ಕೂಡಿಸುತ್ತಿದ್ದರೆಂದೂ, ಅಂಥ ಮೂಗಿನವರನ್ನು ತಾನು ಹಲವರನ್ನು ಕಂಡುದಾಗಿಯೂ ಬರೆದಿದ್ದಾನೆ. ಮೂಗು ಕೊಯ್ಯುವವರು ಇದ್ದ ಕಡೆಯಲ್ಲಿಯೇ ಕೂಡಿಸುವವರೂ ಇದ್ದರು. ಸುಶ್ರುತನ ಕೆನ್ನೆಯ ಚರ್ಮ ಇಲ್ಲಿ ಹಣೆಯ ಚರ್ಮವಾಗಿತ್ತು.

ನೂರು ವರ್ಷ ಕಳೆಯಿತು. ೧೭೯೦ರಿಂದ ೧೭೯೨ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧ ಒಂದು ಬಗೆಯಲ್ಲಿ ಎತ್ತುಗಳ ಯುದ್ಧ. ತೋಪನ್ನು ಎಳೆಯಲು ಎತ್ತು, ಅಕ್ಕಿ ಹೊರಲು ಎತ್ತು. ಟೀಪುವಿನ ಬಳಿ ಇಂದಿಗೂ ಹೆಸರಾದ ಅಮೃತಮಹಲ್ ಎತ್ತುಗಳಿದ್ದವು. ಇಂಗ್ಲಿಷರ ಎತ್ತುಗಳು ೧೭೯೧ರಲ್ಲಿ ಮೇವಿಲ್ಲದೆ ಸಾವಿರಗಟ್ಟಲೆ ಸತ್ತು, ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿನಿಂದ ಹಿಂದಿರುಗಬೇಕಾಯಿತು. ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬವನು ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಇಂಗ್ಲಿಷರ ವರದಿ ಹೇಳುತ್ತದೆ. ಹೆಸರು ಪಾರಸಿಯವರದಂತೆ ಕಂಡರೂ ಆತ ಮರಾಠ ಒಕ್ಕಲಿಗನೆಂದು ಅದರಲ್ಲಿದೆ. ಶತ್ರುಗಳು ಬರೆದ ವರದಿಯನ್ನು ಎಚ್ಚರದಿಂದ ಓದಬೇಕಾದುದು ಸರಿಯೇ. ಆದರೆ ಆತನಿಗೆ ಮೂಗು ಬಂದ ಬಗೆಯನ್ನು ಹೇಳುವಾಗ ಅವರಿಗೆ ಯಾವ ದ್ವೇಷವೂ ಇರಲಿಲ್ಲ, ಬೆರಗು ಮಾತ್ರ ಇತ್ತು.

ಕವಾಸ್ಜಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟ. ಕ್ರೂಸೋ, ಫಿಂಡ್ಲೆ ಎಂಬ ಮುಂಬಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರು ಈ ಚಿಕಿತ್ಸೆಯನ್ನು ಕಣ್ಣಾರೆ ಕಂಡಿದ್ದರು. ಮೊದಲು ಮೇಣದ ತೆಳ್ಳನೆಯ ಹಾಳೆಯಿಂದ ಮೂಗಿನ ಅಚ್ಚು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ. ಗೆರೆಯ ಒಳಗಿನ ಚರ್ಮವನ್ನು ಎಬ್ಬಿಸಿ, ಎರಡು ಕಣ್ಣುಗಳ ನಡುವೆ ಮಾತ್ರ ಒಂದು ಸಣ್ಣ ತೊಟ್ಟನ್ನು ಕೊಯ್ಯದೆ ಬಿಡುವುದು. ಆ ತೊಟ್ಟಿನ ಮೇಲೆ ಚರ್ಮವನ್ನು ತಿರುಗಿಸಿ ಮೂಗಿನ ಜಾಗಕ್ಕೆ ಇಳಿಸುವುದು. ಅಂಟು ಯಾವುದು? ಎಲೆಯಡಿಕೆಗೆ ಹಾಕುವ ಕಾಚು! ಅದನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಬಳಿದು, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಹಚ್ಚಿದರು. ನಾಲ್ಕು ದಿನ ಮುಟ್ಟಲಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳಿಗೆ ಮೆತ್ತನೆಯ ಬಟ್ಟೆಯ ತುಂಡು. ಸುಮಾರು ಇಪ್ಪತ್ತೈದನೆಯ ದಿನ, ಹೊಸ ನೆಲದಲ್ಲಿ ಚರ್ಮ ಬೇರೂರಿದ ಮೇಲೆ, ತೊಟ್ಟನ್ನು ಕತ್ತರಿಸಿದರು.

ಈ ಕುಶಲಕರ್ಮಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಕವಾಸ್ಜಿಯ ಚಿತ್ರವನ್ನು ಮಾತ್ರ ಜೇಮ್ಸ್ ವೇಲ್ಸ್ ಎಂಬ ಕಲಾವಿದ ಬರೆದ. ಆ ಚಿತ್ರದೊಡನೆ ವೃತ್ತಾಂತ ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಹಣೆಬರಹವನ್ನು ಯಾರೂ ಅಳಿಸಲಾರರೆಂದು ನಾವು ಹೇಳುತ್ತೇವೆ. ಈ ಮನುಷ್ಯ ಹಣೆಯನ್ನೇ ಎತ್ತಿ ಬೇರೆ ಕಡೆಗೆ ಇಟ್ಟ.

ಯೂರೋಪಿನವರಿಗೆ ಈ ವಿದ್ಯೆ ಪೂರ್ತಿ ಅಪರಿಚಿತವಾಗಿರಲಿಲ್ಲ. ಇಟಲಿಯ ತಾಲ್ಯಕೋಝಿ ೧೫೯೭ರಲ್ಲಿಯೇ ತೋಳಿನ ಚರ್ಮದಿಂದ ಮೂಗು ಕಟ್ಟುವುದನ್ನು ಬರೆದಿದ್ದ. ಆದರೆ ರೋಗಿ ವಾರಗಟ್ಟಲೆ ತೋಳನ್ನು ಮುಖಕ್ಕೆ ಬಿಗಿದುಕೊಂಡು ಇರಬೇಕಿತ್ತು. ಆ ವಿದ್ಯೆ ಅಲ್ಲಿ ಮರೆತುಹೋಗಿತ್ತು. ಪುಣೆಯ ಸುದ್ದಿಯನ್ನು ಓದಿದ ಲಂಡನ್ನಿನ ಕಾರ್ಪ್ಯೂ ಹೆಣಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿ, ೧೮೧೪ರ ಅಕ್ಟೋಬರ್ ೨೩ರಂದು ಸೈನ್ಯಾಧಿಕಾರಿಯೊಬ್ಬನಿಗೆ ಹಣೆಯ ಚರ್ಮದಿಂದ ಮೂಗನ್ನು ಕಟ್ಟಿದ. ೧೮೧೬ರಲ್ಲಿ ಆತನ ಪುಸ್ತಕ ಹೊರಬಂದಿತು. ಜರ್ಮನಿಯಲ್ಲಿ ಗ್ರೇಫೆ ೧೮೧೮ರಲ್ಲಿ ಮತ್ತೊಂದು ಪುಸ್ತಕ ಬರೆದ. ಕೂಡಿಸುವ ವಿದ್ಯೆ ಹೀಗೆ ಮತ್ತೆ ಲೋಕಮಾನ್ಯವಾಯಿತು.

ಬಿಡಿ ಚರ್ಮದ ಕಸಿ ಬೇರೆಯ ದಾರಿಯಲ್ಲಿ ಬಂದಿತು. ೧೮೬೯ರಲ್ಲಿ ಪ್ಯಾರಿಸ್ಸಿನಲ್ಲಿದ್ದ ರೆವರ್ದ್ಯಾಂ ಎಂಬ ತರುಣ ವೈದ್ಯ, ಮಾಯದ ಗಾಯದ ಮೇಲೆ ಚರ್ಮದ ಪುಟ್ಟ ಚೂರುಗಳನ್ನು ಇಟ್ಟರೆ ಅವು ನಾಟಿಯಂತೆ ಬೇರೂರಿ ಹರಡುವುದನ್ನು ತೋರಿಸಿದ. ಮುಂದೆ ಒಲಿಯೆ, ಥೀರ್ಷ್ ಇವರು ತೆಳ್ಳನೆಯ ದೊಡ್ಡ ಹಾಳೆಗಳನ್ನೇ ಎತ್ತಿದರು. ಗ್ಲಾಸ್ಗೋದ ವುಲ್ಫ್ ೧೮೭೫ರಲ್ಲಿ ಪೂರ್ತಿ ದಪ್ಪದ ಚರ್ಮದಿಂದ ಕಣ್ಣರೆಪ್ಪೆಯನ್ನು ಕಟ್ಟಿದ. ಬಿಡಿ ಚರ್ಮ ಮೊದಲ ಒಂದೆರಡು ದಿನ ಗಾಯದಿಂದ ಒಸರುವ ರಸವನ್ನು ಹೀರಿ ಬದುಕುತ್ತದೆ. ಆಮೇಲೆ ಕೆಳಗಿನ ಸೂಕ್ಷ್ಮ ರಕ್ತನಾಳಗಳು ಅದರೊಳಕ್ಕೆ ಬೆಳೆದು ರಕ್ತವನ್ನು ಕೊಡುತ್ತವೆ. ಆದುದರಿಂದ ಅದಕ್ಕೆ ಕೆಳಗೆ ಹಸನಾದ ನೆಲ ಬೇಕು. ಬರಿಯ ಮೂಳೆಯ ಮೇಲೆ ಅದು ಹತ್ತುವುದಿಲ್ಲ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು ರಕ್ತನಾಳಗಳು ಬತ್ತಿದ ಜಾಗದಲ್ಲಿಯೂ ಅದು ಹತ್ತುವುದು ಕಷ್ಟ. ಅಂಥಲ್ಲಿ ತನ್ನ ರಕ್ತವನ್ನು ತಾನೇ ತರುವ ತೊಟ್ಟಿನ ಚರ್ಮವೇ ಬೇಕು.

ಕ್ಯಾನ್ಸರನ್ನು ಕೊಯ್ಯುವ ವಿದ್ಯೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಹಳ ಧೈರ್ಯ ತಾಳಿತು. ಅರಿವಳಿಕೆ ಬಂದಿತ್ತು, ಕೀವಿನ ಕಾಟ ತಗ್ಗಿತ್ತು. ಅಮೆರಿಕದ ಹಾಲ್‌ಸ್ಟೆಡ್ ಸ್ತನದ ಕ್ಯಾನ್ಸರಿಗೆ ಸ್ತನವನ್ನೂ ಎದೆಯ ಸ್ನಾಯುಗಳನ್ನೂ ಒಟ್ಟಿಗೆ ತೆಗೆಯುವ ಕ್ರಮವನ್ನು ೧೮೯೪ರಲ್ಲಿ ಪ್ರಕಟಿಸಿದ. ‘ಏನನ್ನೂ ಉಳಿಸಬೇಡ’ ಎಂಬ ಹಳೆಯ ಎಚ್ಚರಿಕೆಯನ್ನು ಅಕ್ಷರಶಃ ನಡೆಸಿದವನು ಆತ. ಗಾಯಕ್ಕೆ ತೆಳುಚರ್ಮದ ಕಸಿಯನ್ನು ಹಚ್ಚುತ್ತಿದ್ದನೇ ಹೊರತು, ದಪ್ಪ ಚರ್ಮವನ್ನು ತಿರುಗಿಸಿ ತಂದು ಮುಚ್ಚುವುದನ್ನು ಒಪ್ಪಲಿಲ್ಲ. ಮುಚ್ಚಿಗೆಯ ಅಡಿಯಲ್ಲಿ ರೋಗ ಮತ್ತೆ ಹುಟ್ಟಿದರೆ ತಿಳಿಯದೆ ಹೋದೀತೆಂಬ ಅಂಜಿಕೆ ಆ ಕಾಲದ ಅನೇಕರಲ್ಲಿತ್ತು. ಮುಚ್ಚುವ ಆಸೆಯಿಂದ ವೈದ್ಯನ ಕತ್ತಿ ಅಳುಕೀತೆಂಬ ಸಂದೇಹವೂ ಇತ್ತು. ಇಟಲಿಯ ತಾನ್ಸೀನಿ ೧೯೦೬ರಲ್ಲಿ ಬೆನ್ನಿನ ಅಗಲವಾದ ಸ್ನಾಯುವನ್ನು ಅದರ ಮೇಲಿನ ಚರ್ಮದೊಡನೆ ಎದೆಗೆ ತಿರುಗಿಸಿ ತಂದು ಸ್ತನದ ಗಾಯವನ್ನು ಮುಚ್ಚುವ ದಾರಿಯನ್ನು ತೋರಿಸಿದ್ದ. ಆದರೆ ಅದು ಮೂಲೆಗೆ ಬಿದ್ದಿತು. ಜರ್ಮನಿಯಲ್ಲಿ ಒಲಿವಾರಿ ೧೯೭೬ರಲ್ಲಿ ಅದೇ ಸ್ನಾಯುವನ್ನು ಮತ್ತೆ ಬಳಕೆಗೆ ತರುವ ಹೊತ್ತಿಗೆ ಎಪ್ಪತ್ತು ವರ್ಷಗಳು ಕಳೆದಿದ್ದವು. ಆ ಎಪ್ಪತ್ತು ವರ್ಷಗಳಲ್ಲಿ ಜೀವ ಉಳಿದೂ ಮನೆಯ ಒಳಕೋಣೆಯನ್ನು ಸೇರಿದ ಹೆಂಗಸರೆಷ್ಟೋ!

ಅಂಜಿಕೆ ಕರಗಲು ಮತ್ತೆ ಯುದ್ಧವೇ ಕಾರಣವಾಯಿತು. ಮೊದಲನೆಯ ಮಹಾಯುದ್ಧದ ಕಂದಕಗಳಿಂದ ಮುಖ ಒಡೆದ ಸೈನಿಕರು ಸಾವಿರಗಟ್ಟಲೆ ಬಂದರು. ಒಡೆಸ್ಸಾದ ಫಿಲಾತೊವ್ ೧೯೧೬ರಲ್ಲಿ ಕಣ್ಣರೆಪ್ಪೆಯನ್ನು ಕಟ್ಟುವಾಗ ತೊಟ್ಟಿನ ಚರ್ಮದ ಎರಡು ಅಂಚುಗಳನ್ನು ಸೇರಿಸಿ ಹೊಲಿದು ಕೊಳವೆ ಮಾಡಿದ. ಆ ಸುದ್ದಿ ತಿಳಿಯದೆ ಇಂಗ್ಲೆಂಡಿನ ಗಿಲೀಸ್ ೧೯೧೭ರ ಅಕ್ಟೋಬರಿನಲ್ಲಿ, ಮುಖ ಸುಟ್ಟ ನಾವಿಕನೊಬ್ಬನ ಎದೆಯ ಚರ್ಮವನ್ನು ಮುಖಕ್ಕೆ ತರುವಾಗ ಅದನ್ನೇ ಮಾಡಿದ. ಹಸಿಭಾಗ ಒಳಗಾದುದರಿಂದ ಕೀವು ಹಿಡಿಯಲಿಲ್ಲ, ತೊಟ್ಟು ಬಾಳಿತು. ಯುದ್ಧದಲ್ಲಿ ಮುಖ ಕಳೆದುಕೊಂಡವನಿಗೆ ಮುಖವನ್ನು ಕೊಡುವುದು ಅಲಂಕಾರವಲ್ಲ, ಚಿಕಿತ್ಸೆ ಎಂದು ಲೋಕ ಒಪ್ಪಿತು. ರೋಗದಿಂದ ಕಳೆದುಕೊಂಡವನಿಗೆ ಮಾತ್ರ ಏಕೆ ಬೇಡ?

ಆ ಪ್ರಶ್ನೆಗೆ ಬಾಯಿಯ ಕ್ಯಾನ್ಸರಿನ ವೈದ್ಯರು ಉತ್ತರ ಕೊಟ್ಟರು. ಗ್ಲಾಸ್ಗೋದ ಮೆಕ್‌ಗ್ರೆಗರ್ ೧೯೬೩ರಲ್ಲಿ ಪ್ರಕಟಿಸಿದ ಕ್ರಮವನ್ನು ಓದಿದಾಗ ನನಗೆ ಪುಣೆಯ ಆ ಕುಂಬಾರನ ನೆನಪಾಯಿತು. ಆತ ಬಳಸಿದುದೂ ಹಣೆಯ ಚರ್ಮವೇ. ಕಿವಿಯ ಮುಂದಿನ ರಕ್ತನಾಳವನ್ನು ತೊಟ್ಟಾಗಿ ಇಟ್ಟುಕೊಂಡು ಹಣೆಯ ಚರ್ಮವನ್ನು ಬಾಯಿಯ ಒಳಕ್ಕೆ ಇಳಿಸಿದ. ಹಣೆಯ ಗಾಯಕ್ಕೆ ಬಿಡಿ ಚರ್ಮದ ಕಸಿ. ೧೯೬೫ರಲ್ಲಿ ಅಮೆರಿಕದ ಬಕಂಜಿಯನ್ ಎದೆಯ ಮೇಲ್ಭಾಗದ ಚರ್ಮವನ್ನು ಗಂಟಲಿಗೆ ತಂದ. ೧೯೭೯ರಲ್ಲಿ ಅಲ್ಲಿಯವನೇ ಆದ ಆರಿಯನ್, ಎದೆಯ ದೊಡ್ಡ ಸ್ನಾಯುವನ್ನು ಅದರ ಮೇಲಿನ ಚರ್ಮದ ತುಂಡಿನೊಡನೆ ಕುತ್ತಿಗೆಯ ಚರ್ಮದ ಅಡಿಯಿಂದ ಬಾಯಿಗೆ ತರುವುದನ್ನು ವಿವರಿಸಿದ. ರೋಗವನ್ನು ಕೊಯ್ದ ದಿನವೇ ಗಾಯವನ್ನೂ ತುಂಬಬಹುದಾಯಿತು. ನನ್ನ ಮಾವನ ಎದೆಯ ಮೇಲೆ ಬರೆದ ಗುರುತು ಇದರದೇ. ಮುಚ್ಚಲು ಚರ್ಮವುಂಟೆಂಬ ಭರವಸೆಯಿದ್ದರೆ ವೈದ್ಯನ ಕತ್ತಿ ಅಳುಕುವುದಿಲ್ಲ, ರೋಗದ ಅಂಚಿನಿಂದ ಸಾಕಷ್ಟು ದೂರ ಹೋಗಿ ಕೊಯ್ಯಬಲ್ಲದು. ಹಳೆಯವರು ಯಾವುದಕ್ಕೆ ಅಂಜಿದ್ದರೋ ಅದು ತಲೆಕೆಳಗಾಯಿತು.

ಕೊನೆಗೆ ತೊಟ್ಟನ್ನೂ ಕತ್ತರಿಸುವ ಕಾಲ ಬಂದಿತು. ಸೂಕ್ಷ್ಮದರ್ಶಕದ ಅಡಿಯಲ್ಲಿ, ಕೂದಲಿಗಿಂತ ತೆಳ್ಳನೆಯ ದಾರದಿಂದ, ಕೆಲವೇ ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ಹೊಲಿಯಲು ಕಲಿತ ಮೇಲೆ, ಚರ್ಮವನ್ನು ಅದರ ನಾಳಗಳೊಡನೆ ಬಿಡಿಸಿ ದೂರಕ್ಕೆ ಒಯ್ದು ಅಲ್ಲಿಯ ನಾಳಗಳಿಗೆ ಜೋಡಿಸಬಹುದಾಯಿತು. ಆಸ್ಟ್ರೇಲಿಯದ ಡೇನಿಯಲ್ ಮತ್ತು ಟೇಲರ್ ಅವರ ೧೯೭೩ರ ವರದಿ ಪ್ರಸಿದ್ಧವಾದುದು. ಅದಕ್ಕೂ ಎರಡು ವರ್ಷ ಮೊದಲೇ, ೧೯೭೧ರಲ್ಲಿ, ಹೊಟ್ಟೆಯ ಮೇಲಿನ ಚರ್ಮದಡಿಯ ಕೊಬ್ಬಿನ ಭಾಗವನ್ನು ಹೀಗೆ ನಾಳ ಕೂಡಿಸಿ ಬೇರೆಡೆಗೆ ಒಯ್ದುದನ್ನು ಮುಂಬಯಿಯ ಅಂತಿಯಾ ಮತ್ತು ಬುಚ್ ಪ್ರಕಟಿಸಿದ್ದರು. ಈ ನೋಶಿರ್ ಅಂತಿಯಾ ಹುಟ್ಟಿದುದು ೧೯೨೨ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ. ಗಿಲೀಸರ ಬಳಿ ಕಲಿತು ಬಂದು, ಕುಷ್ಠರೋಗದಿಂದ ಮುಖಗೆಟ್ಟು ಊರಿನಿಂದ ಹೊರಗಾದವರಿಗೆ ಮೂಗು ಹುಬ್ಬುಗಳನ್ನು ಕಟ್ಟಿಕೊಟ್ಟವರು. ಕಿವಿಯ ಅಂಚನ್ನು ಸರಿಪಡಿಸಲು ಈ ಇಬ್ಬರೂ ೧೯೬೭ರಲ್ಲಿ ತೋರಿಸಿದ ಕ್ರಮವನ್ನು ಚರ್ಮದ ಕ್ಯಾನ್ಸರನ್ನು ತೆಗೆದ ಕಿವಿಗಳಿಗೆ ಇಂದಿಗೂ ಅವರ ಹೆಸರಿನಿಂದಲೇ ಬಳಸುತ್ತಾರೆ. ಪುಣೆಯ ಕುಶಲಿಗೆ ಸಿಗದ ಹೆಸರು ಹುಬ್ಬಳ್ಳಿಯಲ್ಲಿ ಹುಟ್ಟಿದವರಿಗೆ ಸಿಕ್ಕಿತೆಂದು ಸಮಾಧಾನಪಡಬಹುದು. ೧೯೮೯ರಲ್ಲಿ ಹಿಡಾಲ್ಗೊ ಎಂಬವನು ಮೊಣಕಾಲಿನ ಕೆಳಗಿನ ಎರಡು ಮೂಳೆಗಳಲ್ಲಿ ಸಣ್ಣದನ್ನು ತೆಗೆದು ಕೆಳದವಡೆಯನ್ನೇ ಕಟ್ಟಿದುದನ್ನು ವರದಿ ಮಾಡಿದ. ಕಾಲಿನ ಮೂಳೆಯಿಂದ ಇಂದು ಜನ ಅನ್ನ ಅಗಿಯುತ್ತಾರೆ.

ಹೊಸತು ಎಷ್ಟೇ ಬಂದರೂ ಹಳೆಯದು ಹೋಗಿಲ್ಲ. ಕ್ಯಾನ್ಸರಿಗಾಗಿ ಮೂಗಿನ ದೊಡ್ಡ ಭಾಗವನ್ನು ತೆಗೆಯಬೇಕಾದಾಗ ವೈದ್ಯರು ಇಂದಿಗೂ ಹಣೆಯ ಚರ್ಮವನ್ನೇ ಇಳಿಸುತ್ತಾರೆ. ಸುಮಾರು ಮೂರು ವಾರ ಕಾದು ತೊಟ್ಟನ್ನು ಕತ್ತರಿಸುತ್ತಾರೆ. ಕಾಚಿನ ಅಂಟು ಹೋಗಿದೆ, ಕಾಯುವ ದಿನಗಳ ಲೆಕ್ಕ ಹೆಚ್ಚು ಬದಲಾಗಿಲ್ಲ.

ಆ ಕಾಚು ಈಗ ಉಳಿದಿರುವುದು ನಮ್ಮ ಎಲೆಯ ತಟ್ಟೆಯಲ್ಲಿ. ಹೊಗೆಸೊಪ್ಪಿನ ವಿಷ ಎಲ್ಲರಿಗೂ ಗೊತ್ತು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ, ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೪ರ ತನ್ನ ಗ್ರಂಥದಲ್ಲಿ ಹೇಳಿತು. ಅಡಿಕೆಯಿಂದ ಅನ್ನ ಉಣ್ಣುವ ನಾಡಿಗೆ ಇದು ಕಹಿಯಾದ ಮಾತು. ನಾನೂ ಆ ಅನ್ನ ಉಂಡವನೇ. ಆದರೂ ಹೇಳದಿರಲು ಆಗದು. ಎಷ್ಟು ಚೆನ್ನಾಗಿ ಕೂಡಿಸಿದರೂ ಕೊಯ್ಯದೆ ಉಳಿದ ಕೆನ್ನೆಗೆ ಅದು ಸಾಟಿಯಲ್ಲ.

ಮಾವ ಗುಣವಾಗಿ ಮಂಡಿಗೆ ಹಿಂದಿರುಗಿದರು. ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ, ಮಾತು ತುಸು ತೊದಲುತ್ತದೆ, ಒಂದು ಕೆನ್ನೆ ದಪ್ಪ. ಎದೆಯ ಕೂದಲು ಬಾಯಿಯೊಳಗೆ ಚಿಗುರಿದುದನ್ನು ಹೇಳಿ ತಾವೇ ನಗುತ್ತಾರೆ. ಎಲೆಯ ತಟ್ಟೆಯನ್ನು ಅತ್ತೆ ಅಟ್ಟಕ್ಕೆ ಏರಿಸಿದ್ದಾರೆ. ಹೋದ ದೀಪಾವಳಿಯಲ್ಲಿ ಅಂಗಡಿಪೂಜೆಗೆ ನನ್ನನ್ನು ಕರೆದಿದ್ದರು. ಬಂದವರನ್ನೆಲ್ಲ ಗದ್ದುಗೆಯ ಮೇಲೆ ಕುಳಿತೇ ಮಾತನಾಡಿಸುತ್ತಿದ್ದರು. ಶಲ್ಯ ಹೆಗಲ ಮೇಲಿತ್ತು, ಮುಖದ ಮೇಲಿರಲಿಲ್ಲ.